ನಿಮಗಿದು ಗೊತ್ತೆ? ಅವಳಿ ಸೋದರಿಯರನ್ನು ಬಲಿಗೊಂಡ ಮಣೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ, ಆಟಿ ತಿಂಗಳ ಮಳೆಯು ಅಹೋರಾತ್ರಿ ಸುರಿಯುತ್ತಿರಲು, ಹೊರಗಣ ಕೆಲಸ ನಿಂತು ಚಾವಡಿ ಸೇರಿದ ಜನರು ಕಾಲಹರಣಕ್ಕೆಂದು ಎದುರಿಗಿಟ್ಟುಕೊಳ್ಳುತ್ತಿದ್ದ ಚೆನ್ನೆಮಣೆ ಎಂಬ ಆಟದ ಹಲಗೆಗೆ, ಸಾಲಿಗೆ ಏಳರಂತೆ 14 ಗುಳಿಗಳು. ಗುಳಿಗೆ ನಾಲ್ಕರಂತೆ 56 ಕಾಯಿಗಳು, ಬಹುಮಟ್ಟಿಗೆ ಕೆಂಪು ಮಂಜೊಟ್ಟಿಯ ಬೀಜಗಳು. ಆಫ್ರಿಕಾದ ಮಂಕಾಲ ಆಟಗಳೂ ಇದೇ ಕುಲದವು.

ಚೆನ್ನೆಯಾಟವನ್ನು ಕಲ್ಪಿಸಿದ ಪುಣ್ಯಾತ್ಮನ ಹೆಸರನ್ನು ಲೋಕವು ಉಳಿಸಿಕೊಳ್ಳಲಿಲ್ಲ. ಆಡಿದವರನ್ನು ಮಾತ್ರ ತುಳುನಾಡು ಮರೆತಿಲ್ಲ. ತುಳು ಜನಪದ ಮಹಾಕಾವ್ಯದ ನಾಯಕಿ ಸಿರಿಯ ಮೊಮ್ಮಕ್ಕಳಾದ ಅಬ್ಬಗ-ದಾರಗರೆಂಬ ಅವಳಿಗಳು ಚೆನ್ನೆಯಾಡುತ್ತಾಡುತ್ತ ಕಲಹಕ್ಕಿಳಿದು, ಒಬ್ಬಳು ಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆದು ಕೊಂದು, ಬಳಿಕ ದುಃಖ ತಾಳಲಾರದೆ ತಾನೂ ಬಾವಿಗೆ ಹಾರಿದಳೆಂಬ ಆ ಕಥೆಯು ಎಷ್ಟು ಸಲ ಕೇಳಿದರೂ ಎದೆಯನ್ನು ಹಿಂಡುವಂಥದು. ಒಡಹುಟ್ಟಿದ ಅಕ್ಕತಂಗಿಯರು ಪರಸ್ಪರ ಚೆನ್ನೆಯಾಡಬಾರದೆಂಬ ನಿಷೇಧಕ್ಕೆ ಇದೇ ಮೂಲವೆಂದು ಹಿರಿಯರು ಹೇಳುವರು.

ಈ ಕಥೆಯನ್ನೊಳಗೊಂಡ, ಸಿರಿ ಸಂಧಿ ಎಂಬ ಆ ಹಾಡುಗಾವ್ಯವನ್ನು ಕೇಳಿ ಬರೆದಿಡಲು ಫಿನ್‌ಲೆಂಡಿನ ವಿದ್ವಾಂಸ ಲೌರಿ ಹೋಂಕೋ ಅವರು ಬೆಳ್ತಂಗಡಿ ತಾಲೂಕಿನ ಮಾಚಾರಿನ ಗಾಯಕ ಗೋಪಾಲ ನಾಯ್ಕರ ಬಳಿಗೆ ಬಂದರು. 1990ರ ಡಿಸೆಂಬರಿನಲ್ಲಿ ನಾಯ್ಕರು ಹಾಡಿ ನಡೆಸಿಕೊಟ್ಟ ಆ ಮಹಾಕಾವ್ಯವು, ವಿದ್ವಾಂಸರಾದ ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಸಹಯೋಗದೊಡನೆ, 15,683 ಸಾಲುಗಳಾಗಿ 1998ರಲ್ಲಿ ಅಚ್ಚಾಯಿತು.