ಸ್ವಿಚ್ ಬಿದ್ದರೆ ಬಯ್ಯಬೇಡಿ, ಲೆಕ್ಕ ಹಾಕಿ



ನಮ್ಮ ಬಳಗದ ಹೊಟೇಲೊಂದರಲ್ಲಿ ನಡೆದ ಸಂಗತಿಯಿದು. ಭಾನುವಾರ ಬೆಳಗಿನ ತಿಂಡಿಯ ಹೊತ್ತು, ಟೇಬಲುಗಳೆಲ್ಲ ಭರ್ತಿ. ಚಹಾ ಕೌಂಟರಿನ ಬಾಯ್ಲರ್ ಇದ್ದಕ್ಕಿದ್ದಂತೆ ನಿಂತಿತು. "ಅಣ್ಣಾ, ಎಂಸಿಬಿ ಮತ್ತೆ ಬಿತ್ತು" ಎಂದು ಹುಡುಗ ಕೂಗಿದ. ವಾರದಲ್ಲಿ ಅದು ನಾಲ್ಕನೇ ಸಲ. ಬೇಸತ್ತ ಮಾಲೀಕರು ಮರುದಿನ ವಯರ್‌ಮನ್‌ನನ್ನು ಕರೆಸಿ, 16 ಆಂಪಿಯರಿನ ಎಂಸಿಬಿ ತೆಗೆಸಿ 32 ಆಂಪಿಯರಿನದ್ದು ಹಾಕಿಸಿದರು. ಎರಡು ತಿಂಗಳು ಎಲ್ಲವೂ ಸುಗಮ. ಮೂರನೇ ತಿಂಗಳಲ್ಲಿ ಒಂದು ದಿನ, ಭಟ್ಟರು ಬೆಳಗಿನ ಜಾವ ಬಾಯ್ಲರ್ ಹಚ್ಚಿ ಹಿಟ್ಟಿನ ಕಡೆ ಹೋದಾಗ, ಗೋಡೆಯೊಳಗಿನ ವಯರ್ ಸುಟ್ಟು ಹೊಗೆ ಎದ್ದಿತು. ರಾತ್ರಿ ಪಾಳಿಯ ಹುಡುಗರು ಮೇಲಿನ ಮಾಳಿಗೆಯಲ್ಲಿ ನಿದ್ರೆಯಲ್ಲಿದ್ದರು. ವಾಸನೆ ಬಂದ ಕೂಡಲೇ ಭಟ್ಟರು ಮೇನ್ ಆಫ್ ಮಾಡಿದ್ದರಿಂದ ಪ್ರಾಣಹಾನಿ ತಪ್ಪಿತು.

ಇಲ್ಲಿ ತಪ್ಪಿದ್ದು ಒಂದು ಸಣ್ಣ ಲೆಕ್ಕ. ಅದನ್ನು ನಾವೆಲ್ಲ ಶಾಲೆಯಲ್ಲಿ ಕಲಿತು ಮರೆತವರೇ.

ಮಹಡಿಯ ನೀರಿನ ಟಾಂಕಿಯನ್ನು ನೆನೆಯಿರಿ. ಟಾಂಕಿಯ ಎತ್ತರ ಕೊಡುವ ಒತ್ತಡವೇ ವೋಲ್ಟೇಜ್. ಪೈಪಿನಲ್ಲಿ ಹರಿಯುವ ನೀರು ಕರೆಂಟ್, ಅಂದರೆ ಆಂಪಿಯರ್. ಪೈಪಿನ ಕಿರಿದುತನವೇ ರೋಧ, ಅದರ ಅಳತೆ ಓಮ್. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ ಸಿಗುತ್ತದೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. ಮೊದಲನೆಯ ನಿಯಮವನ್ನು ಜರ್ಮನಿಯ ಗೇಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದರು.

ಈಗ ಆ ಹೊಟೇಲಿನ ಲೆಕ್ಕ ನೋಡೋಣ. ಬಾಯ್ಲರ್ 3000 ವ್ಯಾಟ್. 230 ವೋಲ್ಟಿನಲ್ಲಿ ಅದು ಎಳೆಯುವುದು 13 ಆಂಪಿಯರ್. ಕಾಯಿಲಿನ ರೋಧ ಸುಮಾರು 17.6 ಓಮ್. ಅದೇ ಲೈನಿನಲ್ಲಿ ಮಧ್ಯೆ ಸೇರಿಸಿದ ಸಾಂಬಾರಿನ ಹಾಟ್ ಕೇಸ್ 2000 ವ್ಯಾಟ್, ಅಂದರೆ 8.7 ಆಂಪಿಯರ್. ಒಟ್ಟು ಸುಮಾರು 22. ಹದಿನಾರರ ಎಂಸಿಬಿ ಬಿದ್ದದ್ದು ಅದರ ದೋಷವಲ್ಲ. ಅದು ತನ್ನ ಕೆಲಸ ಮಾಡಿತ್ತು.

ವಯರಿಗೂ ರೋಧವಿದೆ. ಅಲ್ಲಿದ್ದದ್ದು 1.5 ಚದರ ಮಿಲಿಮೀಟರಿನ ತಾಮ್ರದ ವಯರ್. ಕಿಲೋಮೀಟರಿಗೆ ಸುಮಾರು 12 ಓಮ್. ಬೋರ್ಡಿನಿಂದ ಬಾಯ್ಲರಿಗೆ 20 ಮೀಟರ್, ಹೋಗಿ ಬರಲು 40 ಮೀಟರ್, ಅಂದರೆ 0.48 ಓಮ್. ವಯರಿನಲ್ಲಿ ಹುಟ್ಟುವ ಶಾಖ ಎಂದರೆ ಆಂಪಿಯರಿನ ವರ್ಗವನ್ನು ರೋಧದಿಂದ ಗುಣಿಸಿದಷ್ಟು. 13 ಆಂಪಿಯರಿಗೆ ಸುಮಾರು 81 ವ್ಯಾಟ್; 22 ಆಂಪಿಯರಿಗೆ ಸುಮಾರು 230 ವ್ಯಾಟ್. ಕರೆಂಟ್ ಎರಡು ಪಟ್ಟು ಕೂಡ ಆಗಿಲ್ಲ, ಶಾಖ ಮಾತ್ರ ಹೆಚ್ಚುಕಡಿಮೆ ಮೂರು ಪಟ್ಟು. ಎಂಸಿಬಿ ದೊಡ್ಡದಾಯಿತು, ವಯರ್ ಹಳೆಯದೇ ಉಳಿಯಿತು. 4 ಚದರ ಮಿಲಿಮೀಟರಿನ ವಯರ್ ಎಳೆಸಿದ್ದರೆ ಅದೇ 22 ಆಂಪಿಯರಿಗೆ ಶಾಖ 90 ವ್ಯಾಟಿನ ಆಸುಪಾಸಿನಲ್ಲಿ ಇರುತ್ತಿತ್ತು. ಬಾಯ್ಲರಿಗೂ ಹಾಟ್ ಕೇಸಿಗೂ ಬೇರೆ ಬೇರೆ ಲೈನ್ ಕೊಡುವುದು ಇನ್ನೂ ಉತ್ತಮ.

ಸಡಿಲ ಪ್ಲಗ್ಗಿನ ಕಥೆಯೂ ಇದೇ. ಪಿನ್ನು ಕಪ್ಪಾಗಿ ಬರೇ ಅರ್ಧ ಓಮ್ ರೋಧ ಸೇರಿದರೂ, 13 ಆಂಪಿಯರಿಗೆ ಆ ಸಾಕೆಟ್ಟಿನೊಳಗೇ 85 ವ್ಯಾಟಿನಷ್ಟು ಶಾಖ. ಪ್ಲಗ್ ಕರಗದೆ ಇನ್ನೇನಾದೀತು?

ತುಂಡಾದ ಕಾಯಿಲನ್ನು ತಿರುಚಿ ಜೋಡಿಸುವ ಅಭ್ಯಾಸ ಕೆಲವರಲ್ಲಿದೆ. 2000 ವ್ಯಾಟಿನ ಕಾಯಿಲಿನ ರೋಧ 26.5 ಓಮ್. ಅದರಲ್ಲಿ ಐದನೇ ಒಂದು ಪಾಲು ಹೋದರೆ ಉಳಿಯುವುದು 21 ಓಮ್. ಆಗ ಕರೆಂಟ್ 8.7ರಿಂದ 10.9 ಆಂಪಿಯರಿಗೆ, ಲೋಡ್ 2500 ವ್ಯಾಟಿಗೆ ಏರುತ್ತದೆ. ಹೊಸ ಕಾಯಿಲಿನ ಹಣ ಉಳಿಯಿತೆಂದುಕೊಂಡರೆ ಅದು ಭ್ರಮೆ.

ಇನ್ನು ವೋಲ್ಟೇಜ್ ಇಳಿದಾಗ ಚಹಾ ತಡವೇಕೆ? 200 ವೋಲ್ಟಿನಲ್ಲಿ ಅದೇ 3000 ವ್ಯಾಟಿನ ಬಾಯ್ಲರ್ ಕೊಡುವುದು ಸುಮಾರು 2270 ವ್ಯಾಟ್ ಮಾತ್ರ. ನೀರು ಕಾಯಲು ಮೂರನೇ ಒಂದು ಪಾಲು ಹೆಚ್ಚು ಹೊತ್ತು ಬೇಕು. ಹುಡುಗನನ್ನು ಗದರಿಸಿ ಫಲವಿಲ್ಲ.

ಗ್ರೈಂಡರಿನ ಮೋಟಾರಿಗೆ ಈ ಲೆಕ್ಕ ಹೀಗೇ ಸಲ್ಲದು. 230 ವೋಲ್ಟ್, 7 ಆಂಪಿಯರ್ ಗುಣಿಸಿದರೆ 1610 ಬರುತ್ತದೆ. ಪವರ್ ಫ್ಯಾಕ್ಟರ್ 0.7 ಇದ್ದರೆ ನಿಜವಾದ ವ್ಯಾಟ್ 1127. ಆದರೆ ವಯರು ಹೊರಬೇಕಾದದ್ದು ಪೂರ್ತಿ 7 ಆಂಪಿಯರನ್ನು. ಸ್ಟಾರ್ಟ್ ಆಗುವ ಕ್ಷಣದಲ್ಲಂತೂ ಅದರ ಹಲವು ಪಟ್ಟು.

ಬಿಲ್ಲಿನ ಲೆಕ್ಕವೂ ಇಲ್ಲಿಂದಲೇ. 1000 ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. 2000 ವ್ಯಾಟಿನ ಹಾಟ್ ಕೇಸ್ ಬಿಡದೆ ಉರಿಯುತ್ತಿದ್ದರೆ, ಅದನ್ನು ದಿನಕ್ಕೆ ಒಂದು ಗಂಟೆ ಬೇಗ ಆಫ್ ಮಾಡಿದರೆ ತಿಂಗಳಿಗೆ 60 ಯೂನಿಟ್ ಉಳಿತಾಯ. ನಿಮ್ಮ ದರದಿಂದ ನೀವೇ ಗುಣಿಸಿಕೊಳ್ಳಿ.

ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನನ್ನು ಒಂದು ಮಧ್ಯಾಹ್ನ ಕರೆಸಿ, ಟಾಂಗ್ ಟೆಸ್ಟರಿನಿಂದ ಪ್ರತಿ ಲೈನಿನ ಆಂಪಿಯರ್ ಅಳೆಸಿ. ಟೆಸ್ಟರಿನ ಬಾಯಿಯೊಳಗೆ ಒಂದೇ ವಯರ್ ಇರಲಿ. ಫೇಸ್, ನ್ಯೂಟ್ರಲ್ ಎರಡನ್ನೂ ಹಿಡಿದರೆ ಸೊನ್ನೆ ತೋರಿಸುತ್ತದೆ. ಓಮ್ ಅಳೆಯುವುದಾದರೆ ಕರೆಂಟ್ ಪೂರ್ತಿ ತೆಗೆದ ಮೇಲೆಯೇ. ಬಂದ ಅಂಕಿ, ವಯರಿನ ಗಾತ್ರ, ಎಂಸಿಬಿಯ ಅಂಕಿ, ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಬೋರ್ಡಿನ ಬಾಗಿಲಿಗೆ ಅಂಟಿಸಿ. ಹೊಸ ಮೆಷಿನ್ ತರುವ ಮೊದಲು ಆ ಚೀಟಿ ನೋಡಿ.

ಅಕ್ಕಿಗೆ ಉದ್ದು ಎಷ್ಟೆಂದು ನಾವು ಒಂದು ದಿನವೂ ಅಳತೆ ತಪ್ಪುವುದಿಲ್ಲ. ಮಾಳಿಗೆಯಲ್ಲಿ ಮಲಗುವ ಹುಡುಗರು ನಮ್ಮನ್ನು ನಂಬಿ ಊರು ಬಿಟ್ಟು ಬಂದವರು. ಅವರಿಗಾಗಿಯಾದರೂ ಈ ಅಳತೆಯನ್ನೂ ತಪ್ಪದಿರೋಣ.