ಚಂಡೆ ಎಲ್ಲಿ ಹೋಯ್ತು?

ದೀಪಾವಳಿಗೆ ಅಂಕೋಲೆಗೆ ಹೋದಾಗ ಅಜ್ಜನಿಗೆ ಖುಷಿಯಾಗಲಿ ಅಂತ ಬ್ಲೂಟೂತ್ ಸ್ಪೀಕರಿನಲ್ಲಿ ಕಾಳಿಂಗ ನಾವಡರ ಯಕ್ಷಗಾನ ಪದ ಹಾಕಿದೆ. ಹಳೆಯ ಕ್ಯಾಸೆಟ್ಟನ್ನು ಯಾರೋ ‘ರಿಮಾಸ್ಟರ್’ ಮಾಡಿ ಆನ್‌ಲೈನಿಗೆ ಏರಿಸಿದ್ದು. ಚೂರೂ ಗೊರಗೊರ ಇಲ್ಲ. ಅಜ್ಜ ಎರಡು ನಿಮಿಷ ಕೇಳಿ, ‘ತಮಾ, ಚಂಡೆ ಎಲ್ಲಿ ಹೋಯ್ತು? ಇದು ನಾವಡರ ದನಿಯೂ ಅಲ್ಲ’ ಅಂದ. ಪಕ್ಕದ ಕೋಣೆಯ ಫೋನ್ ರಿಂಗೂ ಕೇಳದ ಕಿವಿ ಅವನದ್ದು!

ಆದರೆ ಅವನು ಹೇಳಿದ್ದು ಸರಿ. ಟೇಪಿನ ‘ಸ್‌ಸ್’ ಸದ್ದು ಇರುವ ಜಾಗದಲ್ಲೇ ಚಂಡೆಯ ಪೆಟ್ಟಿನ ಮೊನಚು, ತಾಳದ ಝಣಕು ಇರೋದು. ಒಂದನ್ನು ಒರೆಸಿದರೆ ಇನ್ನೊಂದೂ ಸವೆಯುತ್ತೆ. ದನಿಯ ವಿಷಯ ಬೇರೆ. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂ.ಮೀ. ಓಡಬೇಕು. ಶೇ. 6ರಷ್ಟು ಜೋರಾಗಿ ಓಡಿದರೆ ಶ್ರುತಿ ಹಾರ್ಮೋನಿಯಮ್ಮಿನ ಒಂದು ಮನೆ ಮೇಲೇರುತ್ತೆ. ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ಮೂವತ್ತರ ಆಸುಪಾಸು. ಅವರ ದನಿ ಅಂತ ನನ್ನ ತಲೆಮಾರಿಗೆ ಸಿಗೋದು ಈ ಟೇಪುಗಳಷ್ಟೇ.

ಅಜ್ಜನ ಟ್ರಂಕಿನಲ್ಲಿ 14 ಕ್ಯಾಸೆಟ್ ಇದ್ದವು, ಅದೇ ಪ್ರಸಂಗದ್ದೂ ಒಂದು. ಹಳೆಯ ಪ್ಲೇಯರಿನ ರಬ್ಬರ್ ಬೆಲ್ಟ್ ಕರಗಿ ಅಂಟಾಗಿತ್ತು; ಕಾರವಾರದಲ್ಲಿ ಬದಲಿಸಿಕೊಂಡು ಬಂದೆ. ಆಮೇಲೆ ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂ. ಹೆಡ್ಡು ಕೂದಲೆಳೆಯಷ್ಟು ಓರೆಯಾಗಿದ್ದರೂ ಸದ್ದು ಮಂಕಾಗುತ್ತೆ. ಪದ ಹಾಡ್ತಿದ್ದಂತೆ ನಿಧಾನ ತಿರುಗಿಸಿದೆ. ಒಂದು ಕಡೆ ಥಟ್ಟನೆ ಚಂಡೆ ಬಾಯಿ ಬಿಡ್ತು.

ವೇಗ ಸರಿ ಮಾಡಿದ್ದು ಗುಂಯ್‌ಗುಡುವ ಕರೆಂಟಿನ ಸದ್ದಿನಿಂದ. ನಮ್ಮ ಕರೆಂಟು 50 ಹರ್ಟ್ಜ್ ಆಸುಪಾಸು ಇರುತ್ತೆ. ರೆಕಾರ್ಡಿಂಗ್ ಹೊತ್ತಿನಲ್ಲಿ ಅದೂ ಟೇಪಿಗೆ ಸೇರಿಕೊಂಡಿತ್ತು. ಪ್ಲೇಯರನ್ನು ಬ್ಯಾಟರಿಯಲ್ಲಿ ಓಡಿಸಿ ಲ್ಯಾಪ್‌ಟಾಪಿನಲ್ಲಿ ಅಳೆದೆ: 52. ಅಂದರೆ ಶೇ. 4ರಷ್ಟು ಜೋರು. ಅಷ್ಟು ಇಳಿಸಿದೆ. ಆನ್‌ಲೈನಿನ ಪ್ರತಿಯಲ್ಲಿ ಈ ಗುಂಯ್ ಅನ್ನೂ ಒರೆಸಿದ್ದರು, ಹಾಗಾಗಿ ಅಳೆಯೋಕೆ ಅಲ್ಲಿ ಏನೂ ಉಳಿದಿರಲಿಲ್ಲ. ನನಗೆ ಸಿಟ್ಟು ಬಂದಿದ್ದು ಇಲ್ಲೇ. ಗೊರಗೊರ ತೆಗೆಯೋದಿದ್ದರೆ ತೆಗೆಯಿರಿ, ಆದರೆ ಮೂಲದ ಫೈಲನ್ನು ಮುಟ್ಟದೆ ಒಂದು ಕಡೆ ಇಡಿ.

ರಾತ್ರಿ ಊಟವಾದ ಮೇಲೆ ಹಾಕಿದೆ, ಗೊರಗೊರ ಸಮೇತ. ಅಜ್ಜ ಏನೂ ಹೇಳಲಿಲ್ಲ, ಮಂಚದ ಅಂಚಿಗೆ ಬೆರಳಲ್ಲಿ ತಾಳ ಹಾಕ್ತಾ ಕೂತ. ಅರ್ಧ ತಾಸಿಗೆ ಟೇಪು ಮುಗಿದು ಪದ ನಡುವೆಯೇ ತುಂಡಾಯ್ತು. ಮುಂದಿನ ಸಾಲನ್ನು ಅವನೇ ಹೇಳಿದ.

ಇನ್ನೂ 13 ಬಾಕಿ. ಎರಡಕ್ಕೆ ಬೂಷ್ಟು ಹಿಡಿದಿದೆ. ಸಂಕ್ರಾಂತಿ ರಜೆಯಲ್ಲಿ ಮೊದಲು ಅವನ್ನೇ ತೆಗೆಯಬೇಕು.