ಅರಮನೆಯಿಲ್ಲದ ಊರಿನ ಚರಿತ್ರೆ

ಹುಬ್ಬಳ್ಳಿ-ಧಾರವಾಡಕ್ಕೆ ಬಂದ ನೆಂಟರನ್ನು ಬಾದಾಮಿಗೋ ಹಂಪಿಗೋ ಕಳಿಸಿಕೊಡುವುದು ರೂಢಿ. ಇಲ್ಲಿ ಅರಮನೆಯಿಲ್ಲ, ರಾಜಧಾನಿಯ ವೈಭವವಿಲ್ಲ. ಆದ್ದರಿಂದ ನೋಡುವಂಥದ್ದೂ ಇಲ್ಲ ಎಂಬುದನ್ನು ಊರವರೇ ಒಪ್ಪಿಕೊಂಡಿದ್ದಾರೆ. ಈ ಮಾತು ತಪ್ಪು. ಅವಳಿ ನಗರವನ್ನು ಬೆಳೆಸಿದವರು ಅರಸರಿಗಿಂತ ಹೆಚ್ಚಾಗಿ ವರ್ತಕರು, ಮಾಸ್ತರರು, ಮಠದವರು, ರೈಲ್ವೆ ಕಾರ್ಮಿಕರು. ಅವರು ಬಿಟ್ಟುಹೋದ ಗುರುತುಗಳು ಇವತ್ತಿಗೂ ಬಳಕೆಯಲ್ಲಿವೆ. ದಿನವೂ ಕಣ್ಣಿಗೆ ಬೀಳುವುದರಿಂದಲೇ ಚರಿತ್ರೆಯಾಗಿ ಕಾಣುತ್ತಿಲ್ಲ.

ಹಳೇ ಹುಬ್ಬಳ್ಳಿ 17ನೇ ಶತಮಾನದಲ್ಲೇ ಬಟ್ಟೆಯ ದೊಡ್ಡ ಪೇಟೆ. ಕಾರವಾರದಲ್ಲಿದ್ದ ಇಂಗ್ಲಿಷರ ಕೋಠಿಗೆ ಇಲ್ಲಿಂದ ಸರಕು ಹೋಗುತ್ತಿತ್ತು. 1673ರಲ್ಲಿ ಮರಾಠಾ ಸೈನ್ಯ ಊರನ್ನು ಲೂಟಿ ಮಾಡಿದಾಗ ಇಂಗ್ಲಿಷರ ದಾಸ್ತಾನೂ ಹೋಯಿತು. ಆ ದಂಡು ಬಂದದ್ದು ಯಾವ ಅರಸನ ಖಜಾನೆಗೂ ಅಲ್ಲ, ಪೇಟೆಯ ಸಂಪತ್ತಿಗೆ. ಮುಂದೆ ಸವಣೂರಿನ ನವಾಬ ಮಜೀದ್ ಖಾನನ ಆಳ್ವಿಕೆಯಲ್ಲಿ, 1727ರ ಹೊತ್ತಿಗೆ, ಹೊಸ ಹುಬ್ಬಳ್ಳಿಯನ್ನು ಕಟ್ಟಿದವನೂ ಬಸಪ್ಪ ಶೆಟ್ಟರ ಎಂಬ ವರ್ತಕನೇ. ಕೋಟೆ ಕರಗಿಹೋಯಿತು, ಅದರ ಬಯಲು ಮಾತ್ರ ದುರ್ಗದ ಬೈಲ್ ಎಂಬ ಹೆಸರಿನಲ್ಲಿ ಉಳಿಯಿತು. ಇಂದು ಅಲ್ಲಿ ಗಿರಮಿಟ್ಟು-ಮಿರ್ಚಿ ತಿನ್ನುತ್ತ ನಿಂತವರು ನಿಂತಿರುವುದು ಊರಿನ ಚರಿತ್ರೆಯ ನಟ್ಟನಡುವೆ.

ಧಾರವಾಡದ ಕೋಟೆಯ ಕಥೆ ಇದಕ್ಕಿಂತ ದೊಡ್ಡದು. ಆದಿಲಶಾಹಿ, ಮೊಘಲ, ಮರಾಠಾ, ಹೈದರ್ ಎಂದು ಕೈ ಬದಲಿಸುತ್ತ ಬಂದ ಅದನ್ನು 1790-91ರಲ್ಲಿ ಟಿಪ್ಪುವಿನ ದಳಪತಿ ಬದ್ರುಜ್ಜಮಾನ್ ಖಾನ್ ಪರಶುರಾಮ ಭಾವೂನ ಸೈನ್ಯದೆದುರು ತಿಂಗಳುಗಟ್ಟಲೆ ಕಾಯ್ದುಕೊಂಡಿದ್ದ. ಈಗ ಉಳಿದಿರುವುದು ಕೋಟೆಯ ಅವಶೇಷಗಳಷ್ಟೇ. ಆದರೆ ಧಾರವಾಡವನ್ನು ಧಾರವಾಡವಾಗಿಸಿದ ಕಟ್ಟಡಗಳು ಬೇರೆ. 19ನೇ ಶತಮಾನದ ಕೊನೆಗೆ ಸದರ್ನ್ ಮರಾಠಾ ರೈಲ್ವೆ ತನ್ನ ಮುಖ್ಯ ಕಚೇರಿಯನ್ನು ಇಲ್ಲಿ ಕಟ್ಟಿತು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯೊಂದಿಗೆ ಸೇರಿ ಕಚೇರಿ ಮದ್ರಾಸಿಗೆ ಹೋಯಿತು; 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು ಮುಂದೆ ಅದೇ ಕಟ್ಟಡಕ್ಕೆ ಬಂತು. ರೈಲಿನ ಲೆಕ್ಕ ಬರೆಯುತ್ತಿದ್ದ ಕೋಣೆಗಳಲ್ಲಿ ಮುಂಬೈ ಕರ್ನಾಟಕದ ಮಕ್ಕಳು ಪದವಿ ಓದಿದರು. ಮರಾಠಿಯ ಪ್ರಾಬಲ್ಯದ ನಡುವೆ ರಾ.ಹ. ದೇಶಪಾಂಡೆಯವರು 1890ರ ಜುಲೈ 20ರಂದು ಸ್ಥಾಪಿಸಿದ ಕರ್ನಾಟಕ ವಿದ್ಯಾವರ್ಧಕ ಸಂಘವಂತೂ ಏಕೀಕರಣದ ಕನಸಿಗೆ ಮನೆಯಾಯಿತು. ಇದಕ್ಕಿಂತ ದೊಡ್ಡ ಸ್ಮಾರಕ ಯಾವ ಊರಿಗೆ ಬೇಕು?

ಬಳಕೆಯೇ ಹಳೆಯದನ್ನು ನುಂಗಿಹಾಕುತ್ತದಲ್ಲ ಎಂಬ ಆಕ್ಷೇಪಣೆ ಹಗುರವಾದದ್ದಲ್ಲ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯನ್ನೇ ನೋಡಿ. ಕಲ್ಯಾಣ ಚಾಲುಕ್ಯರ ಕಾಲದ, ನಾಲ್ಕು ದಿಕ್ಕಿಗೂ ಬಾಗಿಲಿರುವ ಈ ಅಪರೂಪದ ದೇಗುಲದ ಸುತ್ತ ಮನೆಗಳು ಒತ್ತಿಕೊಂಡು ನಿಂತಿವೆ. ಫ್ರಾನ್ಸಿನ ಆರ್ಲ್ ಪಟ್ಟಣದಲ್ಲೂ ಹೀಗೇ ಆಗಿತ್ತು: ರೋಮನ್ನರ ಬಯಲು ರಂಗಮಂದಿರದೊಳಗೆ ಇನ್ನೂರಕ್ಕೂ ಹೆಚ್ಚು ಮನೆಗಳೆದ್ದು, 19ನೇ ಶತಮಾನದಲ್ಲಿ ಅವನ್ನು ತೆರವು ಮಾಡಬೇಕಾಯಿತು. ಆದರೂ ಶತಮಾನಗಳ ಕಾಲ ಆ ಕಲ್ಲುಗಳಿಗೆ ಉಪಯೋಗವಿತ್ತು ಎಂಬುದನ್ನು ಮರೆಯಲಾಗದು. ಕೆಡಿಸುವುದು ಬಳಕೆಯಲ್ಲ, ಅರಿವಿಲ್ಲದ ಬಳಕೆ.

ಇವು ಎರಡು ಬೇರೆ ಊರುಗಳು, 1962ರಲ್ಲಿ ಮಹಾನಗರಪಾಲಿಕೆಯ ಹೆಸರಿನಲ್ಲಿ ಕಟ್ಟಿಹಾಕಿದ್ದಷ್ಟೇ ಎನ್ನುವವರೂ ಇದ್ದಾರೆ. ಸ್ವಭಾವ ಬೇರೆ, ನಿಜ. ಆದರೆ ಕಚೇರಿ ಧಾರವಾಡದಲ್ಲಿ, ವರ್ಕ್‌ಶಾಪ್ ಹುಬ್ಬಳ್ಳಿಯಲ್ಲಿ ಎಂದು ರೈಲು ಇವೆರಡನ್ನೂ ಅದಕ್ಕೆ ಬಹು ಮೊದಲೇ ಹೊಲಿದಿತ್ತು. 2023ರಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನಿಂದ ಜಗತ್ತಿನ ಗಮನ ಸೆಳೆದ ನಿಲ್ದಾಣಕ್ಕೆ ಇರುವುದು ಅರಸನ ಹೆಸರಲ್ಲ, ಸಿದ್ಧಾರೂಢ ಸ್ವಾಮಿಗಳ ಹೆಸರು.

ಹಳೆಯ ಕಟ್ಟಡಗಳ ಮುಂದೆ ಅವುಗಳ ಕಥೆ ಹೇಳುವ ಕನ್ನಡದ ಫಲಕವೊಂದನ್ನು ಪಾಲಿಕೆ ಹಾಕಲಿ. ಶಾಲೆಗಳು ಮಕ್ಕಳನ್ನು ಹಂಪಿಗೆ ಕರೆದೊಯ್ಯುವ ಮೊದಲು ಒಂದು ದಿನ ಉಣಕಲ್ಲಿಗೂ ಕರ್ನಾಟಕ ಕಾಲೇಜಿಗೂ ಕರೆದೊಯ್ಯಲಿ.